ಹಳೆಯ ಆರ್‌ಪಿಜಿ, ಸ್ಟ್ರಾಟಜಿ ಗೇಮ್‌ಗಳು: ಇಂದು ಯಾವುದರಿಂದ ಶುರು ಮಾಡಬೇಕು?

1990ರಿಂದ 2005ರ ನಡುವೆ ಬಂದ ಆರ್‌ಪಿಜಿ (ಒಂದು ಪಾತ್ರವನ್ನು ಬೆಳೆಸುತ್ತ ಕತೆಯಲ್ಲಿ ಸಾಗುವ ಗೇಮ್) ಮತ್ತು ಸ್ಟ್ರಾಟಜಿ ಗೇಮ್‌ಗಳನ್ನು ಈಗ ಆಡಬೇಕೆಂದು ಹೊರಡುವವರು ಹೆಚ್ಚಾಗಿ ಒಂದೇ ಕಡೆ ಎಡವುತ್ತಾರೆ. ಯಾವುದೋ ‘ಸಾರ್ವಕಾಲಿಕ ಶ್ರೇಷ್ಠ’ ಪಟ್ಟಿಯ ಮೊದಲ ಹೆಸರನ್ನು ಕೊಳ್ಳುತ್ತಾರೆ, ಒಂದು ಗಂಟೆ ಆಡುತ್ತಾರೆ, ಮೊದಲ ತುತ್ತಿಗೇ ಕಲ್ಲು ಸಿಕ್ಕಂತಾಗಿ ಡಿಲೀಟ್ ಮಾಡುತ್ತಾರೆ. ಆ ಕಾಲದ ಗೇಮ್‌ಗಳು ದಪ್ಪ ಮ್ಯಾನ್ಯುಯಲ್ ಸಮೇತ ಡಬ್ಬಿಯಲ್ಲಿ ಬರುತ್ತಿದ್ದವು. ಆಡುವವರು ಅದನ್ನು ಓದಿಕೊಂಡೇ ಕೂರುತ್ತಾರೆಂದು ನಂಬಿ ಮಾಡಿದ ಗೇಮ್‌ಗಳವು. ಹಾಗಾಗಿ ಕಷ್ಟವೆಲ್ಲ ಬಾಗಿಲಲ್ಲೇ ಇದೆ, ಒಳಗೆ ಹೋದಮೇಲೆ ಸಲೀಸು. ಎಂಥ ಕಷ್ಟವನ್ನು ನೀವು ತಡೆದುಕೊಳ್ಳಬಲ್ಲಿರಿ ಎಂದು ಮೊದಲು ನೋಡಿಕೊಳ್ಳಿ. ಗೇಮ್‌ನ ಹೆಸರು ಆಮೇಲೆ ತಾನಾಗಿ ಬರುತ್ತದೆ.

ಮೊದಲು ಕೇಳಿಕೊಳ್ಳಬೇಕಾದ್ದು: ಒಂದು ಕೂರಿಕೆಗೆ ನಿಮಗೆ ಎಷ್ಟು ಹೊತ್ತು ಸಿಗುತ್ತದೆ? ರಾತ್ರಿ ಊಟವಾದಮೇಲೆ ಮುಕ್ಕಾಲು ಗಂಟೆ ಸಿಗುವವರಿಗೆ ಸರದಿಯ ಮೇಲೆ ನಡೆಯುವ ಗೇಮ್ ಹೊಂದುತ್ತದೆ. ಚದುರಂಗದ ಹಾಗೆ, ನೀವು ನಡೆಸುವವರೆಗೂ ಅದು ಕಾಯುತ್ತದೆ. ಬಾಗಿಲು ಬಡಿದರೆ ಎದ್ದು ಹೋಗಬಹುದು. ಏಜ್ ಆಫ್ ಎಂಪೈರ್ಸ್ ಥರದ, ಗಡಿಯಾರ ಓಡುತ್ತಲೇ ಇರುವ ಗೇಮ್‌ಗೆ ನಲವತ್ತು ನಿಮಿಷ ಯಾರೂ ಕರೆಯದ ಮನೆ ಬೇಕು. ಬಾಲ್ಡರ್ಸ್ ಗೇಟ್ ಇವೆರಡರ ಮಧ್ಯದ್ದು: ಗಡಿಯಾರ ಓಡುತ್ತದೆ, ಆದರೆ ಸ್ಪೇಸ್‌ಬಾರ್ ಒತ್ತಿದರೆ ನಿಲ್ಲುತ್ತದೆ.

ಎರಡನೆಯದು ಓದುವ ಹೊರೆ. ಈ ಗೇಮ್‌ಗಳಿಗೆ ಕನ್ನಡ ಅನುವಾದವಿಲ್ಲ, ಇಂಗ್ಲಿಷಿನಲ್ಲೇ ಓದಬೇಕು. ಪ್ಲೇನ್‌ಸ್ಕೇಪ್: ಟಾರ್ಮೆಂಟ್‌ನಲ್ಲಿ ಕತ್ತಿಗಿಂತ ಮಾತೇ ಮುಖ್ಯ. ಆ ಮಾತೂ ಹಳೆಯ ಲಂಡನ್ ಕಳ್ಳರ ಆಡುಭಾಷೆಯ ಪದಗಳನ್ನು ಬೆರೆಸಿದ್ದು. ಇಂಗ್ಲಿಷ್ ಕಾದಂಬರಿ ಓದುವ ರೂಢಿಯಿಲ್ಲದವರಿಗೆ ಇದು ಕಬ್ಬಿಣದ ಕಡಲೆ. ಹೀರೋಸ್ 3 ಅಥವಾ ಎಕ್ಸ್-ಕಾಮ್‌ನಲ್ಲಿ ಮೊದಲ ದಿನ ನೂರಿನ್ನೂರು ಪದ ಓದಿದರೆ ಸಾಕು.

ಮೂರನೆಯದು ಕೈಗೆ ಸಂಬಂಧಿಸಿದ್ದು. ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್‌ನಲ್ಲಿ ಸರದಿಯ ಗೇಮ್ ಆರಾಮವಾಗಿ ಆಡಬಹುದು. ಗಡಿಯಾರದ ಗೇಮ್‌ಗೆ ಮೌಸ್ ಬೇಕೇ ಬೇಕು. ಟಚ್‌ಪ್ಯಾಡ್‌ನಲ್ಲಿ ಸ್ಟಾರ್‌ಕ್ರಾಫ್ಟ್ ಆಡಿ ಸೋತು, ಗೇಮ್ ಕೆಟ್ಟದು ಎಂದು ತೀರ್ಮಾನಿಸಬೇಡಿ.

ಮೊದಲ ಸ್ಟ್ರಾಟಜಿ ಗೇಮ್: ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3

ಯಾವುದನ್ನೂ ಆಡಿರದವರಿಗೆ ನಾವು ಕೊಡುವ ಮೊದಲ ಹೆಸರು ಇದು. 1999ರಲ್ಲಿ ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಮಾಡಿದ್ದು. ಚಿತ್ರಗಳು ಇವತ್ತಿಗೂ ಕಣ್ಣಿಗೆ ಹಿತ. ಯಾವುದರ ಮೇಲೆ ರೈಟ್ ಕ್ಲಿಕ್ ಒತ್ತಿ ಹಿಡಿದರೂ ಅದೇನೆಂದು ಹೇಳುತ್ತದೆ. ಚಿಕ್ಕ ನಕ್ಷೆಯೊಂದು ಎರಡು ಮೂರು ಗಂಟೆಯಲ್ಲಿ ಮುಗಿಯುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಸರದಿ ಪ್ರಕಾರ ಮನೆಮಂದಿ ಎಲ್ಲ ಆಡಬಹುದು.

ಕೊಳ್ಳುವಾಗಲೇ ಒಂದು ಹಳ್ಳವಿದೆ. 2015ರಲ್ಲಿ ‘ಎಚ್‌ಡಿ ಎಡಿಷನ್’ ಎಂಬ ಹೆಸರಿನಲ್ಲಿ ಬಂದದ್ದರಲ್ಲಿ ಮೂಲ ಗೇಮ್ ಮಾತ್ರ ಇದೆ. ಆರ್ಮಗೆಡನ್ಸ್ ಬ್ಲೇಡ್, ಶ್ಯಾಡೋ ಆಫ್ ಡೆತ್ ಎಂಬ ಎರಡು ವಿಸ್ತರಣೆಗಳಿಲ್ಲ, ಅಭಿಮಾನಿಗಳು ಮಾಡಿದ ಬದಲಾವಣೆಗಳಾದ ಮಾಡ್‌ಗಳೂ ಅದರ ಮೇಲೆ ಕೂರುವುದಿಲ್ಲ. ಜಿಒಜಿ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಸಿಗುವ ‘ಕಂಪ್ಲೀಟ್’ ಎಂಬುದನ್ನೇ ತೆಗೆದುಕೊಳ್ಳಿ. ಅದರ ಮೇಲೆ ಎಚ್‌ಡಿ ಮಾಡ್ ಹಾಕಿದರೆ ಅಗಲ ಪರದೆಗೆ ಹೊಂದುತ್ತದೆ. ಹೆಸರು ಹತ್ತಿರ ಹತ್ತಿರ ಇದ್ದರೂ ಎಚ್‌ಡಿ ಎಡಿಷನ್ ಬೇರೆ, ಎಚ್‌ಡಿ ಮಾಡ್ ಬೇರೆ. ಒಂದೆರಡು ತಿಂಗಳಾದಮೇಲೆ ಹಾರ್ನ್ ಆಫ್ ದಿ ಅಬಿಸ್ ಎಂಬ ಉಚಿತ ವಿಸ್ತರಣೆ ಸೇರಿಸಿ. ಫೋನಿನಲ್ಲಿ ಆಡಬೇಕೆಂದರೆ ವಿಸಿಎಂಐ ಎಂಬ ಉಚಿತ ಎಂಜಿನ್ (ಗೇಮ್ ಓಡಿಸುವ ಪ್ರೋಗ್ರಾಂ) ಇದೆ, ಕಂಪ್ಲೀಟ್‌ನ ಫೈಲ್‌ಗಳನ್ನು ಅದಕ್ಕೆ ಕೊಡಬೇಕು.

ಹೊಸಬರು ಸೋಲುವುದು ಮೊದಲ ವಾರದ ಲೆಕ್ಕದಲ್ಲಿ. ನಾರ್ಮಲ್ ಮಟ್ಟದಲ್ಲಿ 20,000 ಚಿನ್ನ ಕೈಯಲ್ಲಿರುತ್ತದೆ. ಒಂದು ಊರಲ್ಲಿ ದಿನಕ್ಕೆ ಒಂದೇ ಕಟ್ಟಡ. ಮೊದಲ ದಿನ ಟ್ಯಾವರ್ನ್‌ನಲ್ಲಿ 2,500 ಕೊಟ್ಟು ಇನ್ನೊಬ್ಬ ಹೀರೋನನ್ನು (ನಕ್ಷೆಯಲ್ಲಿ ಸೈನ್ಯ ನಡೆಸುವ ನಾಯಕ) ತೆಗೆದುಕೊಳ್ಳಿ. ಅವನ ಸೈನ್ಯವನ್ನೆಲ್ಲ ಮೊದಲನೆಯವನಿಗೆ ಕೊಟ್ಟು, ಎರಡನೆಯವನನ್ನು ದಾರಿಯಲ್ಲಿ ಬಿದ್ದಿರುವ ಮರ, ಅದಿರು, ಚಿನ್ನ ಆಯಲು ಕಳಿಸಿ. ಎರಡು ಗುಂಪಾಗಿ ಹಂಚಿದ ಸೈನ್ಯ ಎರಡು ಕಡೆಯೂ ಸೋಲುತ್ತದೆ.

ಊರಿಗೆ ಫೋರ್ಟ್ ಮೊದಲೇ ಇದ್ದರೆ ಕಟ್ಟುವ ಕ್ರಮ ಹೀಗೆ: ಟೌನ್ ಹಾಲ್, ಬ್ಲ್ಯಾಕ್‌ಸ್ಮಿತ್, ಮೇಜ್ ಗಿಲ್ಡ್, ಮಾರ್ಕೆಟ್, ಸಿಟಿ ಹಾಲ್, ಸಿಟಡೆಲ್, ಕ್ಯಾಸಲ್. ಇಲ್ಲಿಗೆ ಏಳು ದಿನ. ದಿನದ ವರಮಾನ 500ರಿಂದ ಟೌನ್ ಹಾಲ್‌ಗೆ 1,000, ಸಿಟಿ ಹಾಲ್‌ಗೆ 2,000 ಆಗುತ್ತದೆ. ಕ್ಯಾಸಲ್ ಇದ್ದರೆ 10,000 ಕೊಟ್ಟು ಕ್ಯಾಪಿಟಲ್ ಕಟ್ಟಿ ದಿನಕ್ಕೆ 4,000 ಪಡೆಯಬಹುದು. ಏಳನೇ ದಿನದೊಳಗೆ ಕ್ಯಾಸಲ್ ಏಳಲೇಬೇಕು ಎನ್ನುವುದಕ್ಕೆ ಕಾರಣವಿದೆ. ಹೊಸ ಸೈನಿಕರು ಸಿಗುವುದು ವಾರದ ಮೊದಲ ದಿನ ಮಾತ್ರ, ಕ್ಯಾಸಲ್ ಇದ್ದ ಊರಿನಲ್ಲಿ ಆ ಸಂಖ್ಯೆ ದುಪ್ಪಟ್ಟು. ಒಂದು ದಿನ ತಡವಾದರೆ ಇಡೀ ವಾರದ ಬೆಳೆ ಹೋದಂತೆ.

ಆದರೆ ಈ ಕ್ರಮದಲ್ಲಿ ಸೈನಿಕರ ಮನೆ ಒಂದೂ ಇಲ್ಲ ನೋಡಿ. ದೊಡ್ಡ ನಕ್ಷೆಯಲ್ಲಿ ಇದು ನಡೆಯುತ್ತದೆ. ‘ಸ್ಮಾಲ್’ ನಕ್ಷೆಯಲ್ಲಿ ಎದುರಾಳಿ ಎರಡನೇ ವಾರಕ್ಕೇ ಬಾಗಿಲಿಗೆ ಬಂದಿರುತ್ತಾನೆ. ಅಲ್ಲಿ ಟೌನ್ ಹಾಲ್ ಆದಮೇಲೆ ಮೂರನೇ, ನಾಲ್ಕನೇ ಹಂತದ ಜೀವಿಗಳ ಮನೆ ಕಟ್ಟಿ, ಕ್ಯಾಪಿಟಲ್ ಮರೆತುಬಿಡಿ. ಇನ್ನೊಂದು ಸಣ್ಣ ವಿಷಯ: ಹೀರೋ ದಿನಕ್ಕೆ ಎಷ್ಟು ದೂರ ನಡೆಯುತ್ತಾನೆ ಎಂಬುದು, ದಿನ ಶುರುವಾಗುವಾಗ ಅವನ ಜೊತೆಗಿರುವ ಅತಿ ನಿಧಾನದ ಜೀವಿಯ ಮೇಲೆ ನಿಂತಿದೆ. ನಾಲ್ಕು ಝಾಂಬಿಗಳಿಗಾಗಿ ಇಡೀ ಪಡೆಯನ್ನು ತೆವಳಿಸಬೇಡಿ, ಅವನ್ನು ಊರಲ್ಲೇ ಬಿಡಿ.

ಮೊದಲ ಆರ್‌ಪಿಜಿ: ಫಾಲ್‌ಔಟ್

1997ರ ಮೊದಲ ಫಾಲ್‌ಔಟ್ 15–20 ಗಂಟೆಯಲ್ಲಿ ಮುಗಿಯುತ್ತದೆ. ಹಳೆಯ ಆರ್‌ಪಿಜಿಗಳಲ್ಲಿ ಇಷ್ಟು ಚಿಕ್ಕದು, ಇಷ್ಟು ಬಿಗಿಯಾದದ್ದು ಅಪರೂಪ. ಒಂದೇ ಸಮಸ್ಯೆಯನ್ನು ಬಂದೂಕಿನಿಂದ, ಮಾತಿನಿಂದ, ಕಳ್ಳತನದಿಂದ ಬಗೆಹರಿಸಬಹುದು. ಹೀಗಾಗಿ ‘ಪಾತ್ರ ಆಡುವುದು’ ಎಂದರೆ ಏನೆಂದು ಇದರಲ್ಲಿ ಬೇಗ ಹಿಡಿತಕ್ಕೆ ಬರುತ್ತದೆ. ಫಾಲ್‌ಔಟ್ 2 (1998) ಇದಕ್ಕಿಂತ ದೊಡ್ಡದು, ಆದರೆ ಅದರಿಂದ ಶುರು ಮಾಡಬೇಡಿ. ಅದರ ಮೊದಲ ಗುಹೆಯಲ್ಲಿ ಬಂದೂಕೇ ಸಿಗದು. ಬಂದೂಕಿಗೆಂದು ತಯಾರಿಸಿದ ಪಾತ್ರ ಈಟಿ ಹಿಡಿದು ಇರುವೆಗಳ ಜೊತೆ ಹೆಣಗಬೇಕಾಗುತ್ತದೆ.

ಪಾತ್ರ ತಯಾರಿಸುವ ಪರದೆಯಲ್ಲೇ ಅರ್ಧ ಗೇಮ್ ತೀರ್ಮಾನವಾಗುತ್ತದೆ. ಏಳು ಗುಣಗಳಿಗೂ ತಲಾ 5 ಅಂಕ ಕೊಟ್ಟಿರುತ್ತಾರೆ, ಹಂಚಲು ಇನ್ನೂ 5 ಇರುತ್ತವೆ. ‘ಗಿಫ್ಟೆಡ್’ ಎಂಬ ಲಕ್ಷಣ ಆರಿಸಿದರೆ ಏಳಕ್ಕೂ ಒಂದೊಂದು ಅಂಕ ಹೆಚ್ಚು ಬರುತ್ತದೆ. ಬದಲಿಗೆ ಕೌಶಲಗಳು ಮೊದಲಿಗೆ ಸ್ವಲ್ಪ ಕಡಿಮೆ. ಆರಿಸಿ, ಲಾಭವೇ ಹೆಚ್ಚು. ಈಗ ಅಜಿಲಿಟಿಯ ಲೆಕ್ಕ. ಒಂದು ಸರದಿಯಲ್ಲಿ ಮಾಡಬಹುದಾದ ಕೆಲಸದ ಅಂಕ ಎಂದರೆ 5ಕ್ಕೆ ಅಜಿಲಿಟಿಯ ಅರ್ಧ ಕೂಡಿಸಿದ್ದು. ಅಜಿಲಿಟಿ 5 ಇದ್ದರೆ 7 ಅಂಕ, 10 ಇದ್ದರೆ 10 ಅಂಕ. ನಿಮ್ಮ ಮೊದಲ 10 ಎಂಎಂ ಪಿಸ್ತೂಲಿನ ಒಂದು ಗುಂಡಿಗೆ 5 ಅಂಕ. ಅಂದರೆ ಮೊದಲನೆಯವನು ಸರದಿಗೆ ಒಂದು ಗುಂಡು ಹಾರಿಸಿ ಎರಡು ಹೆಜ್ಜೆ ಇಡುತ್ತಾನೆ, ಎರಡನೆಯವನು ಎರಡು ಗುಂಡು ಹಾರಿಸುತ್ತಾನೆ. ಇಡೀ ಗೇಮ್ ಉದ್ದಕ್ಕೂ ಇದೇ ದುಪ್ಪಟ್ಟು ವ್ಯತ್ಯಾಸ. ಆದ್ದರಿಂದ ಅಜಿಲಿಟಿ 10ರವರೆಗೂ ಏರಿಸಿ, ಇಂಟೆಲಿಜೆನ್ಸ್ 7–8ಕ್ಕೆ ಇಡಿ. ಕರಿಸ್ಮಾವನ್ನು 2–3ಕ್ಕೆ ಇಳಿಸಿದರೂ ಮೊದಲ ಫಾಲ್‌ಔಟ್‌ನಲ್ಲಿ ದೊಡ್ಡ ನಷ್ಟವಿಲ್ಲ. ವಿಶೇಷ ಕೌಶಲ ಮೂರು: ಸ್ಮಾಲ್ ಗನ್ಸ್, ಸ್ಪೀಚ್, ಲಾಕ್‌ಪಿಕ್. ಹೊಸಬರು ಎನರ್ಜಿ ವೆಪನ್ಸ್ ಆರಿಸಿ ಸಿಕ್ಕಿಬೀಳುತ್ತಾರೆ, ಆ ಆಯುಧಗಳು ಸಿಗುವ ಹೊತ್ತಿಗೆ ಅರ್ಧ ಗೇಮ್ ಮುಗಿದಿರುತ್ತದೆ.

ಕತೆಯಲ್ಲಿ ನಿಮ್ಮ ಮೊದಲ ಕೆಲಸವಾದ ನೀರಿನ ಚಿಪ್ (ನೀರು ಶುದ್ಧಗೊಳಿಸುವ ಯಂತ್ರದ ಬಿಡಿಭಾಗ) ತರಲು 150 ದಿನ ಗಡುವು ಇದೆ. ಹೆದರಬೇಡಿ, ಆತುರವಿಲ್ಲದೆ ಆಡಿದರೂ ಸಾಲುತ್ತದೆ. ಸಾಲದಿದ್ದರೆ ‘ಹಬ್’ ಊರಿನ ನೀರು ವ್ಯಾಪಾರಿಗಳಿಗೆ ಹಣ ಕೊಟ್ಟು ಇನ್ನೂ 100 ದಿನ ಗಳಿಸಬಹುದು. ಹಳೆಯ ಗೈಡ್‌ಗಳಲ್ಲಿ 500 ದಿನದ ಇನ್ನೊಂದು ಗಡುವಿನ ಮಾತಿದೆ. 1.1 ಪ್ಯಾಚ್ (ದೋಷ ತಿದ್ದುವ ಫೈಲ್) ಅದನ್ನು 13 ವರ್ಷಕ್ಕೆ ಏರಿಸಿತು, ಇಂದು ಅದು ನಿಮ್ಮನ್ನು ಬಾಧಿಸದು. ಮೊದಲ ಊರು ಶೇಡಿ ಸ್ಯಾಂಡ್ಸ್ ಬಿಡುವ ಮೊದಲು ಹಗ್ಗ ತೆಗೆದುಕೊಳ್ಳಿ. ಇಲ್ಲದಿದ್ದರೆ ಮುಂದಿನ ಜಾಗದ ಲಿಫ್ಟ್ ಬಾವಿಯ ಬಾಯಿಂದಲೇ ವಾಪಸು ಬರಬೇಕಾಗುತ್ತದೆ. ಅಲ್ಲೇ ಇಯಾನ್ ಎಂಬ ಜೊತೆಗಾರ ಸಿಗುತ್ತಾನೆ, ಸೇರಿಸಿಕೊಳ್ಳಿ. ಅವನಿಗೆ ಎಸ್‌ಎಂಜಿ ಎಂಬ ಸರಣಿ ಗುಂಡಿನ ಬಂದೂಕು ಮಾತ್ರ ಕೊಡಬೇಡಿ. ಗುಂಡಿನ ಮಳೆ ಸುರಿಸುವಾಗ ಎದುರು ನೀವಿದ್ದೀರೋ ಇಲ್ಲವೋ ಎಂದು ಅವನು ನೋಡುವುದಿಲ್ಲ.

ಓಡಿಸಲು ಫಾಲ್‌ಔಟ್ ಕಮ್ಯುನಿಟಿ ಎಡಿಷನ್ ಎಂಬ ಉಚಿತ ಎಂಜಿನ್ ಒಳ್ಳೆಯದು. ವಿಂಡೋಸ್, ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್ ಎಲ್ಲದರಲ್ಲೂ ಓಡುತ್ತದೆ, ಕೊಂಡ ಗೇಮ್‌ನ ಫೈಲ್‌ಗಳು ಬೇಕು. ರೆಸಲ್ಯೂಷನ್ 1920×1080 ಇಟ್ಟರೆ ಮನುಷ್ಯರು ಇರುವೆಯಷ್ಟು ಕಾಣುತ್ತಾರೆ. 960×540 ಇಡಿ. ಅದು ಸರಿಯಾಗಿ ಅರ್ಧ, ಹಾಗಾಗಿ ಚಿತ್ರ ಮಸುಕಾಗದೆ ದೊಡ್ಡದಾಗುತ್ತದೆ.

ಬಾಲ್ಡರ್ಸ್ ಗೇಟ್ ಮತ್ತು ದಾಳದ ನಿಯಮ

2023ರ ಬಾಲ್ಡರ್ಸ್ ಗೇಟ್ 3 ಆಡಿ ಹಿಂದಕ್ಕೆ ಬರುವವರು ಬಹಳ ಮಂದಿ. ಅವರಿಗೆ ಮೊದಲೇ ಹೇಳಬೇಕಾದ ಮಾತು: 1998ರ ಮೊದಲ ಭಾಗ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಎಂಬ ದಾಳದ ಆಟದ ಎರಡನೇ ಆವೃತ್ತಿಯ ನಿಯಮದ ಮೇಲೆ ನಿಂತಿದೆ. ಅಲ್ಲಿ ಕೆಲವು ಸಂಖ್ಯೆಗಳು ಕಡಿಮೆಯಾದಷ್ಟೂ ಒಳ್ಳೆಯದು. ಥ್ಯಾಕೋ ಎಂಬ ನಿಮ್ಮ ದಾಳಿಯ ಸಂಖ್ಯೆಯಿಂದ ಎದುರಾಳಿಯ ಆರ್ಮರ್ ಕ್ಲಾಸ್ (ರಕ್ಷಣೆಯ ಸಂಖ್ಯೆ) ಕಳೆಯಿರಿ. ಉಳಿದಷ್ಟು ಅಥವಾ ಅದಕ್ಕಿಂತ ಹೆಚ್ಚು 20 ಮುಖದ ದಾಳದಲ್ಲಿ ಬೀಳಬೇಕು. ನಿಮ್ಮ ಥ್ಯಾಕೋ 19, ಎದುರಾಳಿಯ ಆರ್ಮರ್ ಕ್ಲಾಸ್ 5 ಆದರೆ 14 ಅಥವಾ ಮೇಲೆ ಬೀಳಬೇಕು, ಅಂದರೆ 100ಕ್ಕೆ 35 ಸಲ ಮಾತ್ರ ಏಟು ತಗಲುತ್ತದೆ. ಪಗಡೆ ಆಡಿದವರಿಗೆ ಗೊತ್ತಿರುವ ಹಾಗೆ, ದಾಳ ಮೂರು ಸಲ ಕೈಕೊಟ್ಟರೆ ಕೆಟ್ಟಿತು.

ಇದರ ಪರಿಣಾಮ ಮೊದಲ ಎರಡು ಗಂಟೆಯಲ್ಲೇ ಕಾಣುತ್ತದೆ. ಮೊದಲ ಲೆವೆಲ್‌ನ ಮಾಂತ್ರಿಕನ ಜೀವ ಹೆಚ್ಚೆಂದರೆ 6. ಒಂದು ಬಾಣ 1ರಿಂದ 6ರವರೆಗೆ ಕಳೆಯುತ್ತದೆ. ಹಾಗಾಗಿ ಮೊದಲ ಸಲ ಮಾಂತ್ರಿಕನಾಗಿ ಆಡಬೇಡಿ, ಫೈಟರ್ ಆರಿಸಿ. ಶುರುವಿನ ಜಾಗ ಕ್ಯಾಂಡಲ್‌ಕೀಪ್ ಬಿಟ್ಟಮೇಲೆ ಇಮೋಯೆನ್‌ಳನ್ನು ಜೊತೆ ಸೇರಿಸಿಕೊಳ್ಳಿ, ಬಲೆಗಳನ್ನು ಕಂಡುಹಿಡಿಯಲು ಕಳ್ಳಿಯೊಬ್ಬಳು ಬೇಕು. ಎಲ್ಲರ ಕೈಗೂ ಬಿಲ್ಲು ಅಥವಾ ಕವಣೆ ಕೊಡಿ, ಮೊದಲ ಭಾಗದಲ್ಲಿ ದೂರದಿಂದ ಹೊಡೆಯುವವರದೇ ಮೇಲುಗೈ. ಆಪ್ಷನ್ಸ್‌ನಲ್ಲಿ ‘ಶತ್ರು ಕಂಡಾಗ ತಾನಾಗಿ ನಿಲ್ಲು’ ಎಂಬುದನ್ನು ಆನ್ ಮಾಡಿ. ಫ್ರೆಂಡ್ಲಿ ಆರ್ಮ್ ಇನ್ ಎಂಬ ಛತ್ರದ ಮೆಟ್ಟಿಲ ಮೇಲೆ ಒಬ್ಬ ಮಾಂತ್ರಿಕ ಕಾದಿರುತ್ತಾನೆ. ಅಂಗಳಕ್ಕೆ ಕಾಲಿಡುವ ಮೊದಲೇ ಸೇವ್ ಮಾಡಿ. ಅವನು ಮಂತ್ರ ಶುರು ಮಾಡಿದೊಡನೆ ಎಲ್ಲರೂ ಅವನಿಗೇ ಬಾಣ ಬಿಡಲಿ. ಏಟು ಬಿದ್ದರೆ ಮಂತ್ರ ಅರ್ಧಕ್ಕೆ ಕಡಿಯುತ್ತದೆ.

ಇಂದು ಮಾರುವುದು 2012ರಲ್ಲಿ ಬಂದ ಎನ್‌ಹ್ಯಾನ್ಸ್ಡ್ ಎಡಿಷನ್. ಅದನ್ನೇ ಕೊಳ್ಳಿ, ಹೊಸ ಕಂಪ್ಯೂಟರಿನಲ್ಲಿ ತಕರಾರಿಲ್ಲದೆ ಓಡುತ್ತದೆ. ಕತೆಯಷ್ಟೇ ಬೇಕೆಂದರೆ ‘ಸ್ಟೋರಿ ಮೋಡ್’ ಇದೆ, ಅದನ್ನು ಆರಿಸಲು ಸಂಕೋಚ ಬೇಡ. ಎರಡು ಭಾಗಕ್ಕೂ ಸೇರಿ ನೂರು ಗಂಟೆ ದಾಟುತ್ತದೆ. ಅಷ್ಟು ಸಮಯವಿಲ್ಲದವರು 2000ದ ಎರಡನೇ ಭಾಗದಿಂದಲೇ ಶುರು ಮಾಡಬಹುದು. ಅದೇ ಹೆಚ್ಚು ಸೊಗಸಾದ ಗೇಮ್, ಪಾತ್ರವೂ ಅಲ್ಲಿ ಏಳೆಂಟನೇ ಲೆವೆಲ್‌ನಲ್ಲಿ ಶುರುವಾಗುವುದರಿಂದ ಒಂದೇ ಬಾಣಕ್ಕೆ ಸಾಯುವ ಕಾಟವಿಲ್ಲ. ಆದರೆ ಮೊದಲ ಭಾಗದ ಪಾತ್ರವನ್ನೇ ಎರಡನೆಯದಕ್ಕೆ ಒಯ್ಯುವ ಸುಖ ತಪ್ಪುತ್ತದೆ.

ಟಾರ್ಮೆಂಟ್ (1999) ಇದೇ ಎಂಜಿನ್‌ನಲ್ಲಿ ಮಾಡಿದ್ದು, ಆದರೆ ಲೆಕ್ಕ ತಿರುಗುಮುರುಗು. ಇಲ್ಲಿ ವಿಸ್ಡಮ್, ಇಂಟೆಲಿಜೆನ್ಸ್, ಕರಿಸ್ಮಾ ಏರಿಸಬೇಕು, ಶಕ್ತಿ ಹಾಗೇ ಬಿಡಬೇಕು. ನೆನಪು ಕಳೆದುಕೊಂಡ ನಾಯಕನಿಗೆ ಹಳೆಯದು ಮರಳುವುದು ವಿಸ್ಡಮ್ ಮೂಲಕ, ಅನುಭವದ ಅಂಕವೂ ಅದರಿಂದಲೇ ಹೆಚ್ಚುತ್ತದೆ. ಫೈಟರ್ ಆಗಿ ಶುರುವಾದರೂ ಚಿಂದಿ ಆಯುವವರ ಚೌಕದಲ್ಲಿರುವ ಮುದುಕಿ ಮೆಬೆತ್ ಬಳಿ ಮಂತ್ರ ಕಲಿಯಬಹುದು. ಕಾಳಗ ಸಪ್ಪೆ, ನಿಜ. ಮಾತಿಗೋಸ್ಕರ ಆಡುವವರಿಗೆ ಇದಕ್ಕೆ ಸಮಾನವಾದದ್ದನ್ನು ನಾವು ಕಂಡಿಲ್ಲ.

ಮಾರೋವಿಂಡ್ (2002) ಬಗ್ಗೆ ಒಂದೇ ಎಚ್ಚರಿಕೆ. ಕತ್ತಿ ಶತ್ರುವಿನ ಮೈಗೆ ತಾಗಿದ್ದು ಕಣ್ಣಿಗೆ ಕಂಡರೂ ಏಟು ಬಿದ್ದಿದೆಯೋ ಇಲ್ಲವೋ ಎಂದು ಒಳಗೆ ದಾಳವೇ ಹೇಳುತ್ತದೆ. ಆಯುಧದ ಕೌಶಲ, ಅಜಿಲಿಟಿಯ ಐದನೇ ಒಂದು ಭಾಗ, ಲಕ್‌ನ ಹತ್ತನೇ ಒಂದು ಭಾಗ ಕೂಡಿಸಿ. ದಣಿವಿಲ್ಲದಿದ್ದರೆ ಅದರ 1.25 ಪಟ್ಟು, ಪೂರ್ತಿ ದಣಿದಿದ್ದರೆ 0.75 ಪಟ್ಟು. ಕೌಶಲ 5, ಉಳಿದೆರಡೂ 40 ಇದ್ದವನು ಓಡಿಬಂದು ಏದುಸಿರಲ್ಲಿ ಬೀಸಿದರೆ ನೂರಕ್ಕೆ 13 ಏಟೂ ತಗಲದು. ಅದೇ ಕೌಶಲ 45 ಇದ್ದು ನಿಧಾನವಾಗಿ ನಡೆದುಬಂದು ಹೊಡೆದವನಿಗೆ 70 ದಾಟುತ್ತದೆ. ಎದುರಾಳಿ ತಪ್ಪಿಸಿಕೊಳ್ಳುವ ಪಾಲು ಅದರಿಂದ ಕಳೆಯುತ್ತದೆ. ಹೊಸಬರ ತಪ್ಪು ಹೀಗಿರುತ್ತದೆ: ಉದ್ದ ಕತ್ತಿಯ ಕೌಶಲ ಆರಿಸಿ, ಶುರುವಿನ ಕಚೇರಿಯ ಮೇಜಿನ ಮೇಲೆ ಸಿಕ್ಕ ಡ್ಯಾಗರ್ ಹಿಡಿದು ಹೊರಡುತ್ತಾರೆ. ಡ್ಯಾಗರ್‌ಗೆ ಬೇಕಾದ್ದು ಶಾರ್ಟ್ ಬ್ಲೇಡ್ ಕೌಶಲ. ಒಂದೋ ಅದನ್ನು ಆರಿಸಿ, ಇಲ್ಲವೇ ಸೇಡಾ ನೀನ್ ಊರಿನ ಅಂಗಡಿಯಲ್ಲಿ ಮೊದಲು ಕತ್ತಿ ಕೊಳ್ಳಿ. ಓಡಿಸಲು ಓಪನ್‌ಎಂಡಬ್ಲ್ಯೂ ಎಂಜಿನ್.

ಆರ್ಕೇನಮ್ (2001) ಬೇಕಾದರೆ ಅನಧಿಕೃತ ಪ್ಯಾಚ್ ಹಾಕಿ, ಕಾಳಗವನ್ನು ಸರದಿಗೆ ಬದಲಿಸಿ, ಆಮೇಲೆ ಆಡಿ. ವ್ಯಾಂಪೈರ್ ಬ್ಲಡ್‌ಲೈನ್ಸ್‌ಗೂ (2004) ಅನಧಿಕೃತ ಪ್ಯಾಚ್ ಕಡ್ಡಾಯ. ಇದೂ ಫಾಲ್‌ಔಟ್ ಕೂಡ ದೊಡ್ಡವರ ಗೇಮ್‌ಗಳು. ಮಕ್ಕಳ ಜೊತೆ ಆಡುವುದಾದರೆ ಹೀರೋಸ್ 3, ಏಜ್ ಆಫ್ ಎಂಪೈರ್ಸ್ 2, ಸಾರಿಗೆ ಕಂಪನಿ ನಡೆಸುವ ಓಪನ್‌ಟಿಟಿಡಿ ಸಾಕು.

ಸೋಲನ್ನು ಸಹಿಸುವವರಿಗೆ ಎಕ್ಸ್-ಕಾಮ್

ಅನ್ಯಗ್ರಹದವರ ದಾಳಿಯನ್ನು ಸೈನಿಕರ ತಂಡ ಕಟ್ಟಿ ಎದುರಿಸುವ ಸರದಿಯ ಗೇಮ್ ಆದ 1994ರ ಎಕ್ಸ್-ಕಾಮ್ ಯುರೋಪಿನಲ್ಲಿ ‘ಯುಎಫ್‌ಒ: ಎನಿಮಿ ಅನ್‌ನೋನ್’ ಎಂಬ ಹೆಸರಿನಲ್ಲಿ ಬಂತು. ಹೆಸರಿಟ್ಟು ಬೆಳೆಸಿದ ಸೈನಿಕರು ಇಲ್ಲಿ ಸಾಯುತ್ತಾರೆ, ಸತ್ತವರು ಮರಳುವುದಿಲ್ಲ. ಪ್ರತಿ ಸಾವಿಗೂ ಹಳೆಯ ಸೇವ್ ತೆರೆಯುವ ಅಭ್ಯಾಸದವರಿಗೆ ಇದರ ರುಚಿ ಸಿಗದು. ಮೂಲ ಗೇಮ್‌ನಲ್ಲಿ ಒಂದು ದೋಷವಿತ್ತು: ಯಾವ ಕಷ್ಟದ ಮಟ್ಟ ಆರಿಸಿದರೂ ಸೇವ್ ತೆರೆದ ಕೂಡಲೇ ಸುಲಭದ ಮಟ್ಟಕ್ಕೆ ಜಾರುತ್ತಿತ್ತು. ಓಪನ್‌ಎಕ್ಸ್‌ಕಾಮ್ ಎಂಜಿನ್ ಅದನ್ನು ಸರಿಮಾಡಿದೆ. ಹಾಗಾಗಿ ‘ಹಿಂದೆ ಕಷ್ಟದ ಮಟ್ಟದಲ್ಲೇ ಗೆದ್ದಿದ್ದೆ’ ಎನ್ನುವವರೂ ಈಗ ‘ಬಿಗಿನರ್’ನಿಂದಲೇ ಶುರು ಮಾಡಲಿ.

ಮೊದಲ ಕಾರ್ಯಾಚರಣೆಯಲ್ಲಿ ವಿಮಾನದ ಬಾಗಿಲಲ್ಲೇ ಮೂವರು ಸಾಯುವುದು ಮಾಮೂಲು. ಅದಕ್ಕೆ ಕಾರಣ ಟೈಮ್ ಯೂನಿಟ್‌ನ, ಅಂದರೆ ಸೈನಿಕ ಒಂದು ಸರದಿಯಲ್ಲಿ ಖರ್ಚು ಮಾಡಬಹುದಾದ ಅಂಕಗಳ ಲೆಕ್ಕ. ಶತ್ರುವಿನ ಸರದಿಯಲ್ಲಿ ನಿಮ್ಮವನು ತಿರುಗಿ ಗುಂಡು ಹಾರಿಸಬೇಕಾದರೆ ಅವನ ಬಳಿ ಯೂನಿಟ್ ಉಳಿದಿರಬೇಕು. ರೈಫಲ್‌ನ ಸ್ನ್ಯಾಪ್ ಶಾಟ್‌ಗೆ ನೂರಕ್ಕೆ 25 ಪಾಲು ಹೋಗುತ್ತದೆ. ಎಲ್ಲ ಯೂನಿಟ್ ಮುಗಿಯುವವರೆಗೆ ಓಡಿಸಿದ ಸೈನಿಕ ಬಯಲಲ್ಲಿ ಕೈಕಟ್ಟಿ ನಿಂತಂತೆ. ಮೊದಲ ಸರದಿಯಲ್ಲಿ ಯಾರನ್ನೂ ಇಳಿಸಬೇಡಿ. ಮುಂದಿನವನು ಬಾಗಿಲ ಮುಂದೆ ಹೊಗೆಯ ಗ್ರೆನೇಡ್ ಎಸೆಯಲಿ, ಸರದಿ ಮುಗಿಸಿ. ಎರಡನೆಯದರಲ್ಲಿ ಇಬ್ಬರು ಇಳಿದು, ಅರ್ಧ ಯೂನಿಟ್ ಉಳಿಸಿಕೊಂಡು ಎಡಬಲಕ್ಕೆ ಮಂಡಿಯೂರಲಿ. ಮೂರನೆಯದರಿಂದ ಉಳಿದವರು. ಹೊಡೆದುರುಳಿಸಿದ ಶತ್ರುವಿನ ಹಾರುವ ಹಡಗು ಭೂಮಿಯ ರಾತ್ರಿಯ ಭಾಗದಲ್ಲಿ ಬಿದ್ದಿದ್ದರೆ ಬೆಳಗಾಗುವ ಹೊತ್ತಿಗೆ ಮುಟ್ಟುವಂತೆ ವಿಮಾನ ಕಳಿಸಿ. ಕತ್ತಲಲ್ಲಿ ಅವರ ಕಣ್ಣು ನಿಮ್ಮ ಕಣ್ಣಿಗಿಂತ ದೂರ ಹೋಗುತ್ತದೆ.

ಇದು ಹಿಡಿಸಿದರೆ ಮುಂದಿನದು ಜ್ಯಾಗ್ಡ್ ಅಲೈಯನ್ಸ್ 2 (1999). ಅಲ್ಲಿ ಸೈನಿಕರು ಬರೀ ಅಂಕಿಗಳಲ್ಲ. ಜಗಳವಾಡುತ್ತಾರೆ, ಸಂಬಳ ಕೇಳುತ್ತಾರೆ, ಕೆಲವರು ಕೆಲವರ ಜೊತೆ ಬರಲು ಒಪ್ಪುವುದೇ ಇಲ್ಲ. ಮೊದಲು ಸ್ಟ್ರಾಚಿಯಾಟೆಲ್ಲಾ ಎಂಬ ಎಂಜಿನ್‌ನಲ್ಲಿ ಮೂಲ ಗೇಮ್ ಆಡಿ. ಪ್ರಸಿದ್ಧವಾದ 1.13 ಮಾಡ್ ನೂರಾರು ಬಂದೂಕುಗಳನ್ನು ತಂದು ಸುರಿಯುತ್ತದೆ, ಅದು ಎರಡನೇ ಸಲಕ್ಕೆ.

ನಾಗರಿಕತೆ ಕಟ್ಟುವ ಗೇಮ್‌ಗಳಲ್ಲಿ ಹಿಂದಕ್ಕೆ ಹೋಗುವುದಾದರೆ ಸಿವಿಲೈಸೇಶನ್ 4ಕ್ಕೆ (2005) ನಿಲ್ಲಿ, ಬಿಯಾಂಡ್ ದಿ ಸ್ವೋರ್ಡ್ ವಿಸ್ತರಣೆ ಸಮೇತ. ಅದರ ಶುರುವಿನ ಹಾಡು ‘ಬಾಬಾ ಯೇತು’ 2011ರಲ್ಲಿ ಗ್ರ್ಯಾಮಿ ಪಡೆಯಿತು. ಗೇಮ್‌ಗೆಂದು ಬರೆದ ಸಂಗೀತಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಮೊದಲ ಸಿವಿಲೈಸೇಶನ್‌ನಲ್ಲಿ ದೋಷವೊಂದರಿಂದ ಗಾಂಧಿ ಅಣುಬಾಂಬ್ ಹಾಕುತ್ತಿದ್ದರು ಎಂಬ ಕತೆ ನಮ್ಮಲ್ಲೂ ಬಹಳ ಓಡಾಡಿದೆ. ಅಂಥ ದೋಷ ಇರಲೇ ಇಲ್ಲ ಎಂದು ಸಿಡ್ ಮೇಯರ್ ಅವರೇ 2020ರಲ್ಲಿ ಬರೆದಿದ್ದಾರೆ. ಇಂಗ್ಲಿಷ್ ಓದಲು ತಕರಾರಿಲ್ಲದವರಿಗೆ ಆಲ್ಫಾ ಸೆಂಟಾರಿ (1999) ಇನ್ನೂ ಆಳ.

ಗಡಿಯಾರದ ಗೇಮ್‌ಗಳಲ್ಲಿ ಏಜ್ ಆಫ್ ಎಂಪೈರ್ಸ್ 2ರ 2019ರ ಡೆಫಿನಿಟಿವ್ ಎಡಿಷನ್ ಸಾಕು. ಹತ್ತಾರು ಜಿಬಿ ಡೌನ್‌ಲೋಡ್, ಮೊಬೈಲ್ ಡೇಟಾದಲ್ಲಿ ಇಳಿಸಲು ಹೋಗಬೇಡಿ. 2022ರ ಡೈನಸ್ಟೀಸ್ ಆಫ್ ಇಂಡಿಯಾ ವಿಸ್ತರಣೆಯಲ್ಲಿ ದ್ರಾವಿಡಿಯನ್ಸ್ ಸೇರಿ ಮೂರು ಹೊಸ ಭಾರತೀಯ ಪಡೆಗಳು ಬಂದವು, ಉರುಮಿ ಬೀಸುವ ಯೋಧರೂ ಇದ್ದಾರೆ. ಇಲ್ಲಿ ಗೆಲುವಿನ ಗುಟ್ಟು ಕಾಳಗದಲ್ಲಿಲ್ಲ. ಶುರುವಿನಲ್ಲಿರುವ 200 ಆಹಾರಕ್ಕೆ ತಲಾ 50ರಂತೆ ನಾಲ್ಕು ಹಳ್ಳಿಗರನ್ನು ಒಟ್ಟಿಗೇ ಸಾಲಿಗೆ ಹಾಕಿ. ಒಬ್ಬ ಹುಟ್ಟಲು 25 ಸೆಕೆಂಡ್. ಟೌನ್ ಸೆಂಟರ್‌ನಲ್ಲಿ ಐವರಿಗೆ ಮಾತ್ರ ಜಾಗ, ಹಾಗಾಗಿ ಮೊದಲ ಇಬ್ಬರು ಹಳ್ಳಿಗರು ಕೂಡಲೇ ಮನೆ ಕಟ್ಟಲಿ. ಮೊದಲ ಹತ್ತು ನಿಮಿಷ ಟೌನ್ ಸೆಂಟರ್ ಒಂದು ಕ್ಷಣವೂ ಖಾಲಿ ಕೂರದಿದ್ದರೆ ಸುಲಭ ಮಟ್ಟದ ಕಂಪ್ಯೂಟರ್ ಎದುರಾಳಿ ನಿಮ್ಮ ಮುಂದೆ ನಿಲ್ಲಲಾರ.

ಇನ್‌ಸ್ಟಾಲ್ ಮಾಡುವಾಗ ಕೆಡುವುದು ಎಲ್ಲಿ

ಮನೆಯ ಹಳೆಯ ಸಿ.ಡಿ. ಹುಡುಕಿ ಸಮಯ ಕಳೆಯಬೇಡಿ. ಸೇಫ್‌ಡಿಸ್ಕ್ ಎಂಬ ಕಾಪಿ ತಡೆ ಇದ್ದ ಸಿ.ಡಿ.ಗಳು ವಿಂಡೋಸ್ 10ರಿಂದ ಈಚೆಗೆ ಓಡುವುದಿಲ್ಲ. ಇನ್ನೂ ಹಳೆಯ ಸಿ.ಡಿ.ಗಳ 16 ಬಿಟ್ ಇನ್‌ಸ್ಟಾಲರ್ 64 ಬಿಟ್ ವಿಂಡೋಸ್‌ನಲ್ಲಿ ತೆರೆಯುವುದೇ ಇಲ್ಲ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ರೂಪಾಯಿ ಬೆಲೆ ಇದೆ. ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು. ಜಿಒಜಿಯಲ್ಲಿ ಆಡಿದಮೇಲೂ 30 ದಿನ ಅವಕಾಶ. ಅಲ್ಲಿನ ಇನ್‌ಸ್ಟಾಲರನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಇಂಟರ್ನೆಟ್ ಇಲ್ಲದೆಯೂ ಹಾಕಬಹುದು, ಮ್ಯಾನ್ಯುಯಲ್‌ಗಳ ಪಿಡಿಎಫ್ ಕೂಡ ಸಿಗುತ್ತದೆ. ಕಾಸು ಹಾಕದೆ ನೋಡಬೇಕೆಂದರೆ ಸ್ಟಾರ್‌ಕ್ರಾಫ್ಟ್ 2017ರಿಂದ ಉಚಿತ, ಅಲ್ಟಿಮಾ 4 ಮತ್ತು ಡ್ಯಾಗರ್‌ಫಾಲ್ ಉಚಿತ. ಡ್ಯಾಗರ್‌ಫಾಲ್ ಅನ್ನು ಡ್ಯಾಗರ್‌ಫಾಲ್ ಯೂನಿಟಿ ಎಂಬ ಎಂಜಿನ್‌ನಲ್ಲಿ ಆಡಿ.

ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ಗೆ ಹಾಕಬೇಡಿ. ಅಲ್ಲಿ ಬರೆಯಲು ವಿಂಡೋಸ್ ಬಿಡುವುದಿಲ್ಲ. ಹಳೆಯ ಗೇಮ್‌ಗಳು ಸೇವ್ ಫೈಲನ್ನು ತಮ್ಮ ಫೋಲ್ಡರ್‌ನಲ್ಲೇ ಬರೆಯುವುದರಿಂದ ಸೇವ್ ಮಾಯವಾಗುತ್ತದೆ ಅಥವಾ ಮಾಡ್ ಹತ್ತುವುದಿಲ್ಲ. ಸಿ ಡ್ರೈವ್‌ನಲ್ಲಿ ‘ಗೇಮ್ಸ್’ ಎಂಬ ಹೊಸ ಫೋಲ್ಡರ್ ಮಾಡಿ, ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ.

ಇಂಗ್ಲಿಷ್ ಅಕ್ಷರ ಎಂದದ್ದಕ್ಕೆ ಕಾರಣವಿದೆ, ಕನ್ನಡದವರಿಗೆ ಇದು ಮುಖ್ಯ. ಯೂನಿಕೋಡ್‌ಗಿಂತ ಮೊದಲಿನ ಪ್ರೋಗ್ರಾಂಗಳು ವಿಂಡೋಸ್‌ನ ಹಳೆಯ ಕೋಡ್ ಪೇಜ್‌ಗಳ (ಅಕ್ಷರಗಳ ಸಂಕೇತಪಟ್ಟಿಗಳ) ಮೇಲೆ ನಡೆಯುತ್ತವೆ, ಕನ್ನಡಕ್ಕೆ ಅಂಥ ಕೋಡ್ ಪೇಜ್ ಇರಲೇ ಇಲ್ಲ. ನಿಮ್ಮ ವಿಂಡೋಸ್ ಯೂಸರ್ ಫೋಲ್ಡರ್ ಕನ್ನಡ ಲಿಪಿಯಲ್ಲಿದ್ದರೆ ಹಳೆಯ ಗೇಮ್‌ಗೆ ಅದು ಸಾಲು ಪ್ರಶ್ನೆಚಿಹ್ನೆಯಾಗಿ ಕಾಣುತ್ತದೆ, ಸೇವ್ ಮಾಡುವಾಗ ಕೈಚೆಲ್ಲುತ್ತದೆ. ಅಕೌಂಟ್‌ನ ಹೆಸರು ಬದಲಿಸಿದರೆ ಸಾಲದು, ಒಳಗಿನ ಫೋಲ್ಡರ್ ಹಳೆಯ ಹೆಸರಲ್ಲೇ ಉಳಿಯುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಹೊಸ ಲೋಕಲ್ ಅಕೌಂಟ್ ತೆರೆದು ಅದರಲ್ಲಿ ಆಡಿ.

ಮುಖಗಳು ಅಗಲಗಲ ಕಂಡರೆ 4:3 ಚಿತ್ರವನ್ನು ಪರದೆ ಎಳೆಯುತ್ತಿದೆ ಎಂದರ್ಥ. ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗ್ಸ್‌ನಲ್ಲಿ ಅನುಪಾತ ಕಾಯ್ದುಕೊಳ್ಳುವ ಆಯ್ಕೆ ಹಾಕಿ. 1080ರ ಪರದೆಯಲ್ಲಿ ಚಿತ್ರ 1440×1080ಕ್ಕೆ ಬಂದು ಎರಡೂ ಬದಿ ಕಪ್ಪು ಪಟ್ಟಿ ಉಳಿಯಬೇಕು. ಡಾಸ್ ಕಾಲದ ಗೇಮ್‌ಗಳನ್ನು ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ಗೇಮ್ ವಿಪರೀತ ವೇಗವಾದರೆ ಕಂಟ್ರೋಲ್ ಜೊತೆ ಎಫ್11, ನಿಧಾನವಾದರೆ ಎಫ್12. ಮೌಸ್ ಒಳಗೇ ಸಿಕ್ಕಿಕೊಂಡರೆ ಕಂಟ್ರೋಲ್ ಜೊತೆ ಎಫ್10. ಲ್ಯಾಪ್‌ಟಾಪ್ ಆದರೆ ಎಫ್‌ಎನ್ ಕೀಯನ್ನೂ ಸೇರಿಸಿ ಒತ್ತಬೇಕಾಗಬಹುದು.

ಮಾಡ್ ಹಾಕುವ ಮೊದಲು ಬರೀ ಗೇಮ್ ಓಡಿಸಿ ನೋಡಿ. ಓಡಿದರೆ ಪ್ಯಾಚ್ ಹಾಕಿ, ಆಮೇಲೆ ಹೊಸದಾಗಿ ಆಟ ಶುರು ಮಾಡಿ. ಅರ್ಧ ಆಡಿದಮೇಲೆ ಮಾಡ್‌ನ ಹೊಸ ಆವೃತ್ತಿ ಬಂತೆಂದು ಬದಲಿಸಿದರೆ ಹಳೆಯ ಸೇವ್ ಕೆಡುವ ಸಂಭವವೇ ಹೆಚ್ಚು.

ಕ್ವಿಕ್ ಸೇವ್ ಒಂದನ್ನೇ ನೆಚ್ಚಬೇಡಿ. ಸಾಯುವ ಅರೆಕ್ಷಣ ಮೊದಲು ಅದು ಬಿದ್ದಿದ್ದರೆ ಹತ್ತು ಗಂಟೆಯ ಆಟ ನೀರಿನಲ್ಲಿ ಹೋಮ. ಮೂರು ಸ್ಲಾಟ್‌ಗಳನ್ನು ಸರದಿ ಪ್ರಕಾರ ಬಳಸಿ. ಹೊಸ ಊರಿಗೆ ಕಾಲಿಡುವಾಗಲೆಲ್ಲ ನಾಲ್ಕನೆಯದೊಂದು ಸ್ಲಾಟ್‌ನಲ್ಲಿ ಸೇವ್ ಮಾಡಿ, ಅದನ್ನು ಮುಂದಿನ ಊರು ಬರುವವರೆಗೆ ಮುಟ್ಟಬೇಡಿ.